ಆನೆ ಲಾಗಿನ್ ಆಗಿದೆ

ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಸೆಲ್ವಂ ನಿನ್ನೆ ಬಟ್ಟೆ ಕೊಡಲಿಲ್ಲ. ಕೇಳಿದರೆ ಎಣ್ಣೆ ಹಚ್ಚಿಕೊಂಡಿದ್ದ ಮೊಣಕಾಲು ತೋರಿಸಿ, "ಎರಡು ದಿನದಿಂದ ಸರ್ವರ್ ಡೌನು ಮಿಸ್, ನಾಳೆ ಕೊಡ್ತೀನಿ" ಎಂದ. "ಆಗಲಪ್ಪ, ಕಾಲು ನೋಡ್ಕೋ" ಎಂದು ಹೇಳಿ ನಾನು ಮನೆಗೆ ಬಂದೆ. ಇದರಲ್ಲೇನು ವಿಶೇಷ ಅಂತ ನಿಮಗನ್ನಿಸಬಹುದು. ನನಗೆ ವಿಶೇಷವೇ. ಹೋದ ವರ್ಷವಾಗಿದ್ದರೆ, ಇಸ್ತ್ರಿ ಪೆಟ್ಟಿಗೆಯ ಕೆಂಡದ ಝಳ ಮುಖಕ್ಕೆ ಹೊಡೆಯುತ್ತಿದ್ದರೂ ಲೆಕ್ಕಿಸದೆ ಅಲ್ಲೇ ನಿಂತು, ಸರ್ವರ್ ಎಂದರೆ ಏನು, ಅದು ಎಲ್ಲಿರುತ್ತದೆ, ಮನುಷ್ಯನ ಮೊಣಕಾಲಿಗೂ ಅದಕ್ಕೂ ಯಾಕೆ ಸಂಬಂಧವಿಲ್ಲ ಎಂದು ಹತ್ತು ನಿಮಿಷ ಪಾಠ ಮಾಡಿಯೇ ಬರುತ್ತಿದ್ದೆ. ಕಾಲು ಹೇಗಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ.

ಹೊಸೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಕಂಪ್ಯೂಟರ್ ಟೀಚರ್ ಆಗಿದ್ದವಳು. ಕೆಲಸ ಬಿಟ್ಟು ಮೂರು ವರ್ಷವಾದರೂ ಜೂಜುವಾಡಿಯ ನಮ್ಮ ಬೀದಿಗೆಲ್ಲ ಈಗಲೂ 'ಮಿಸ್'. ಲಾರಿಗಳು ಹಗಲಿಡೀ ಹಾರನ್ ಹೊಡೆಯುವ ರಸ್ತೆಯಿಂದ ಎರಡು ಬೀದಿ ಒಳಗೆ ನನ್ನ ಮನೆ. ಒಬ್ಬಳೇ ಇದ್ದೇನೆ. ಮನೆ ಕಟ್ಟಿದಾಗ ಆರು ಸ್ಟೀಲ್ ಲೋಟದ ಒಂದು ಸೆಟ್ ಕೊಂಡಿದ್ದೆ. ಅದರಲ್ಲಿ ನಾಲ್ಕು ಇನ್ನೂ ಡಬ್ಬದಲ್ಲೇ ಇವೆ.

ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ. ಬಂದ ಗಂಡುಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಒಪ್ಪಿದ ಒಬ್ಬರು ಮಾತಿನ ನಡುವೆ ಕಂಪ್ಯೂಟರನ್ನು 'ನಿಮ್ಮ ಆ ಟೈಪಿಂಗ್ ಟೀವಿ' ಅಂದರಂತೆ, ನಾನು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಅವರನ್ನು ತಿದ್ದಿದೆನಂತೆ. ಹಾಗಂತ ನಮ್ಮಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನಾನು ಹಾಗೆ ಮಾಡಿರಲಾರೆ. ಮಾಡಿದ್ದರೂ ಮಾಡಿರಬಹುದು.

ತಿದ್ದುವುದಕ್ಕೆ ಶಾಲೆಯಲ್ಲಿ ಬರವಿರಲಿಲ್ಲ ಬಿಡಿ. ಶಾಲೆಯ ಒಡೆಯರು, ನಮ್ಮ ಕಡೆ ಕರೆಸ್ಪಾಂಡೆಂಟ್ ಎನ್ನುತ್ತಾರೆ, ಒಂದು ದಿನ ನನ್ನನ್ನು ಕರೆಸಿ ಒಂದು ಪೆನ್‌ಡ್ರೈವ್ ಕೈಗಿಟ್ಟರು. "ಇದರೊಳಗೆ ಇಂಟರ್ನೆಟ್ ಹಾಕಿಕೊಡಿ. ಮನೆಗೆ ಒಯ್ದು ಭಾನುವಾರ ನೋಡ್ತೀನಿ" ಎಂದರು. ಆಫೀಸಿನ ಗುಮಾಸ್ತರಿಗೆ ಪರದೆಯೇ ಕಂಪ್ಯೂಟರು, ಕೆಳಗಿನ ಡಬ್ಬ ಬರೀ 'ಸಿಪಿಯು'. ಸಂಜೆ ಪರದೆ ಆರಿಸಿ, ಕಂಪ್ಯೂಟರ್ ಮುಚ್ಚಿದೆ ಅಂದುಕೊಂಡು, ಡಬ್ಬವನ್ನು ರಾತ್ರಿಯಿಡೀ ಉರಿಯಲು ಬಿಟ್ಟು ಹೋಗುತ್ತಿದ್ದರು. ತಮಿಳು ಟೀಚರಮ್ಮ ವೈರಸ್ ಬರುತ್ತದೆಂದು ಕೀಬೋರ್ಡಿನ ಮೇಲೆ ಯಾವಾಗಲೂ ಒದ್ದೆ ಬಟ್ಟೆ ಆಡಿಸುವರು. ಆಕೆಗೆ ಕೆಮ್ಮು ಬಂದರೆ ಕಂಪ್ಯೂಟರ್ ಕೋಣೆಗೇ ಬರುತ್ತಿರಲಿಲ್ಲ, ಪಾಪ, ಅದಕ್ಕೂ ತಗುಲೀತು ಎಂದು.

ಅವರನ್ನು ನೋಡಿ ನಗುವ ಹಕ್ಕು ನನಗೇನಿದೆ? ನಾನು ಕಂಪ್ಯೂಟರ್ ಕಲಿಯಲು ಸೇರಿದ ಹೊಸೂರಿನ ಆ ಮಹಡಿ ಮೇಲಿನ ಸೆಂಟರಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಒಳಗೆ ತಣ್ಣನೆಯ ಏಸಿ, ನೆಲಕ್ಕೆ ನೀಲಿ ಜಮಖಾನ, ಸಾಲಾಗಿ ಆರು ಯಂತ್ರ. ಮೊದಲ ದಿನ ನಾನು ಬಾಗಿಲಲ್ಲೇ ಕೈ ಮುಗಿದೆ. ಮೇಷ್ಟ್ರು ನಗಲಿಲ್ಲ. "ಇದು ಮಾನಿಟರ್, ಇದು ಕೀಬೋರ್ಡ್, ಇದು ಮೌಸ್. ಹೆಸರು ಸರಿಯಾಗಿ ಹೇಳಿದರೆ ಭಯ ಹೋಗುತ್ತದೆ" ಎಂದರು. ಅದು ನಿಜವಾಗಿತ್ತು. ಹೆಸರು ಕಲಿತ ಮೇಲೆ ನನ್ನ ಭಯ ಹೋಯಿತು.

ನನಗೆ ಅದಕ್ಕೂ ಹಿಂದಿನ ಒಂದು ಭಯವಿತ್ತು. ನಮ್ಮೂರು ಡೆಂಕಣಿಕೋಟೆಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಐದನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದುವಾಗ ನನ್ನ ತಮಿಳಿಗೆ ಇಡೀ ಕ್ಲಾಸು ನಗುತ್ತಿತ್ತು. ಮೇಷ್ಟ್ರು ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಇನ್ನು ಮೇಲೆ ನನ್ನ ಬಾಯಿಂದ ಒಂದೂ ತಪ್ಪು ಮಾತು ಬರಬಾರದು ಎಂದು ಆಗಲೇ ತೀರ್ಮಾನ ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಬೇರೆಯವರ ಬಾಯಿಂದಲೂ ಬರಬಾರದು ಎಂದು ಹೊರಟೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ತಿದ್ದುವುದು ಬಿಟ್ಟರೆ ಜನರ ಹತ್ತಿರ ಮಾತಾಡಲು ನನಗೆ ಬೇರೆ ನೆಪ ಗೊತ್ತಿರಲಿಲ್ಲ. ತರಕಾರಿಯವಳ ಹತ್ತಿರ ಮಗಳ ಬಸುರಿನ ವಿಚಾರ ಹೇಗೆ ಕೇಳಬೇಕೋ ತಿಳಿಯದು. ಅವಳು "ಫೋನಿಗೆ ವೈಫೈ ಹಾಕಿಸ್ದೆ, ತಿಂಗಳಿಗೆ ಇನ್ನೂರು ರೂಪಾಯಿ" ಅಂದರೆ, ಅದು ವೈಫೈ ಅಲ್ಲ, ಬರೀ ರೀಚಾರ್ಜು ಎಂದು ಹೇಳುವುದು ತಿಳಿಯುತ್ತದೆ. ಆ ನೆಪದಲ್ಲಿ ಐದು ನಿಮಿಷ ಒಬ್ಬರು ನನ್ನೆದುರು ನಿಂತಿರುತ್ತಿದ್ದರು. ಅವಳು ಕೊತ್ತಂಬರಿ ಸೊಪ್ಪು ಕಟ್ಟುತ್ತ ಬೇರೆ ಗಿರಾಕಿಯ ಕಡೆ ನೋಡುವುದು ನನಗೆ ಕಾಣುತ್ತಿರಲಿಲ್ಲ.

ಊರಿನ ಮಾತಿಗೆ ಬರುತ್ತೇನೆ. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿ ಇರುವವರು ನನ್ನ ತಮ್ಮ ಮುನಿರಾಜ, ಅವನ ಹೆಂಡತಿ ರತ್ನ. ಬೇಸಾಯ ಮಾಡುತ್ತಾರೆ, ರಾಗಿ, ಅವರೆ, ಒಂದಿಷ್ಟು ಟೊಮೇಟೊ. ಆ ಸೀಮೆಯಲ್ಲಿ ಬೆಳೆ ಕೈಗೆ ಬರುವ ಕಾಲಕ್ಕೆ ಸರಿಯಾಗಿ ಆನೆಗಳೂ ಬರುತ್ತವೆ. ನಾನು ಚಿಕ್ಕವಳಿದ್ದಾಗ ಅಪ್ಪ ಹೊಂಗೆಮರದ ಮೇಲೆ ಅಟ್ಟಣೆ ಕಟ್ಟಿ ಕಾಯುತ್ತಿದ್ದ. ಮೊದಲು ಆನೆ ಕಂಡವರು ಕೂಗು ಹಾಕುವರು. ಅದರಲ್ಲಿ ಮಾತೇ ಇರುತ್ತಿರಲಿಲ್ಲ, ಬರೀ ಕೂಗು. ಪಕ್ಕದ ಹೊಲದವರು ಅದನ್ನು ಹಿಡಿದು ಮುಂದಕ್ಕೆ ಕೂಗುವರು. ಅಮ್ಮ ಅಂಗಳದಲ್ಲಿ ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದರೆ ನಾನೂ ಮುನಿರಾಜನೂ ಒಂದೇ ಕಂಬಳಿಯೊಳಗೆ. ಕಂಬಳಿಗೆ ಕುರಿಯ ವಾಸನೆ, ಅವನ ತಲೆಗೆ ಹರಳೆಣ್ಣೆಯ ವಾಸನೆ. "ಅಕ್ಕ, ಹೋದ್ವಾ?" ಎಂದು ಅವನು ಕೇಳುತ್ತಲೇ ಇರುತ್ತಿದ್ದ. ನನಗೂ ಗೊತ್ತಿರುತ್ತಿರಲಿಲ್ಲ. "ಹೋದವು, ಮಲಕ್ಕೋ" ಅನ್ನುತ್ತಿದ್ದೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ಮೂರು ವರ್ಷದ ಹಿಂದೆ ಮುನಿರಾಜ, "ಅಕ್ಕ, ನೀನು ಕಂಪ್ಯೂಟರ್ ಓದ್ದೋಳು. ಆನೆಗೆ ಅಂತ ಒಂದ್ ಗ್ರೂಪ್ ಮಾಡ್ಕೊಡು. ಕಂಡೋರು ಅದ್ರಾಗೆ ಹಾಕ್ಬುಟ್ರೆ ಎಲ್ರಿಗೂ ಗೊತ್ತಾಯ್ತದೆ" ಎಂದ. ನಾನು ವಾಟ್ಸಾಪಿನಲ್ಲಿ ಗ್ರೂಪ್ ಮಾಡಿದೆ. 'ಆನೆ ಸಂಚಾರ ಮಾಹಿತಿ ಕೇಂದ್ರ' ಎಂದು ಹೆಸರಿಟ್ಟೆ. ಎಷ್ಟು ಆನೆ, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಎಂದು ಬರೆಯುವ ಕ್ರಮವನ್ನೂ ಹಾಕಿದೆ. ನನ್ನನ್ನೂ ಸೇರಿಸಿ ಅರವತ್ತಮೂರು ಜನವಾದರು. ಸಂಜೆ ಕಾಫಿ ಲೋಟ ಹಿಡಿದು ಫೋನ್ ಎದುರು ಕೂತರೆ ಊರಿನ ಕೆರೆ, ಗುಡ್ಡ, ಹೊಲ, ಜನ ಎಲ್ಲವೂ ನನ್ನ ಮನೆಗೆ ಬರುತ್ತಿತ್ತು. ನನ್ನ ದಿನದಲ್ಲಿ ಅದೊಂದೇ ಹೊತ್ತಿಗೆ ನಾನು ಕಾಯುತ್ತಿದ್ದೆ.

ನಮ್ಮ ಹೊಲದ ಪಕ್ಕದ ವೆಂಕಟೇಶ ಮೊದಲು ಶುರು ಮಾಡಿದವನು. ಹಗಲು ಫ್ಯಾಕ್ಟರಿಯ ಪಾಳಿ, ಉಳಿದ ಹೊತ್ತು ಹೊಲ. ಫ್ಯಾಕ್ಟರಿಯಲ್ಲಿ ಕಿವಿಗೆ ಬಿದ್ದ ಮಾತೆಲ್ಲ ಹೊಲಕ್ಕೂ ತಂದ. "ಕೆರೆ ತಾವ ಮೂರು ಲಾಗಿನ್ ಆಗವೆ ಕಣ್ರಪ್ಪಾ, ಉಷಾರು" ಎಂದು ಧ್ವನಿ ಕಳಿಸಿದ. ಸ್ವಲ್ಪ ಹೊತ್ತಿಗೆ, "ಎಲ್ಡು ಲಾಗೌಟ್ ಆದೊ. ಒಂದು ಹೊಂಗೆಮರದ ತಾವ ಹ್ಯಾಂಗ್ ಆಗಿ ನಿಂತೈತೆ" ಎಂದ. ಊರಿಗೆ ಇದು ರುಚಿಸಿಬಿಟ್ಟಿತು. ಗುಡ್ಡದಿಂದ ಇಳಿದರೆ 'ಡೌನ್‌ಲೋಡ್' ಎನ್ನುವರು. ತಾಯಿಯ ಹಿಂದೆ ಮರಿ ಬಂದರೆ 'ಕಾಪಿ ಪೇಸ್ಟ್'. ಅರಣ್ಯದವರು ಪಟಾಕಿ ಹೊಡೆದು ಓಡಿಸಿದ ಆನೆ ತಿರುಗಿ ಬಂದರೆ 'ರೀಸ್ಟಾರ್ಟ್'.

ಈಗ ಓದಿದರೆ ನನಗೂ ನಗು ಬರುತ್ತದೆ. ಆಗ ನಾನು ಕನ್ನಡಕ ಏರಿಸಿಕೊಂಡು ಟೈಪ್ ಮಾಡಿದೆ: 'ವೆಂಕಟೇಶ್ ಅವರಿಗೆ, ಲಾಗಿನ್ ಎಂದರೆ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವುದು. ಆನೆ ಹಾಗೆ ಮಾಡುವುದಿಲ್ಲ. ದಯವಿಟ್ಟು ಬಂದಿದೆ ಎಂದು ಹೇಳಿ.' ಅವನು 'ಆಗ್ಲಿ ಮಿಸ್ಸು' ಎಂದು ಎರಡು ಕೈ ಮುಗಿದ ಚಿತ್ರ ಕಳಿಸಿದ. ಮಾರನೆಯ ದಿನ ಡೌನ್‌ಲೋಡಿನ ಬಗ್ಗೆ ಬರೆದೆ. ಅದರ ಮಾರನೆಯ ದಿನ ಕಾಪಿ ಪೇಸ್ಟಿನ ಬಗ್ಗೆ ಚಿತ್ರ ಸಮೇತ ಬರೆದೆ. ಕೆರೆಯ ಪಕ್ಕದ ಮನೆಯ ಮುನಿಯಮ್ಮ ಅಕ್ಷರ ಬಾರದ ಹೆಂಗಸು. ಎಲ್ಲರಿಗಿಂತ ಮೊದಲು ಆನೆ ಕಾಣುತ್ತಿದ್ದುದು ಆಕೆಗೇ. ಆಕೆ ಧ್ವನಿಯಲ್ಲಿ ಏನಾದರೂ ಹೇಳಿದರೆ ಆಕೆಗೂ ಧ್ವನಿಯಲ್ಲೇ ತಿದ್ದಿದೆ. ತಾಳ್ಮೆಯಿಂದಲೇ ತಿದ್ದಿದೆ ಎಂದು ನನ್ನ ಲೆಕ್ಕ.

ಈ ಸಲ ದೀಪಾವಳಿ ಕಳೆದು ಒಂದು ವಾರಕ್ಕೆ ಗ್ರೂಪ್ ಮೌನವಾಯಿತು. ರಾಗಿ ತೆನೆ ಬಲಿತ ಕಾಲ. ಒಂದು ದಿನ, ಎರಡು ದಿನ, ನಾಲ್ಕು ದಿನ ಒಂದು ಮಾತೂ ಇಲ್ಲ. ಮೊದಲು ನನ್ನ ಫೋನನ್ನೇ ಅನುಮಾನಿಸಿದೆ. ಆರಿಸಿ ಹಚ್ಚಿದೆ. ಸಿಮ್ ತೆಗೆದು ಒರೆಸಿ ಹಾಕಿದೆ. ಬೇರೆಯವರು ಹೀಗೆ ಒರೆಸಿದರೆ ನಗುತ್ತಿದ್ದವಳು ನಾನೇ. 'ಈ ಸಲ ಆನೆ ಇಲ್ಲವೇ? ಸಂತೋಷ' ಎಂದು ಬರೆದೆ. ಯಾರೋ ಒಬ್ಬರು ಕೈ ಮುಗಿದರು. ಮುನಿರಾಜನಿಗೆ ಫೋನ್ ಮಾಡಿದರೆ, "ಎಲ್ಲಾ ಚೆನ್ನಾಗೈತೆ ಅಕ್ಕ" ಎಂದು ಬೇಗ ಇಟ್ಟ. ಆನೆಗಳು ದಾರಿ ಬದಲಿಸಿರಬೇಕು ಅಂದುಕೊಂಡೆ. ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೂ ಸಂಜೆ ಕಾಫಿ ಲೋಟ ಹಿಡಿದು ಆ ಖಾಲಿ ಗ್ರೂಪನ್ನು ನೋಡುತ್ತ ಕೂರುತ್ತಿದ್ದೆ. ಆನೆ ಬರಲಿ ಎಂದು ಮನಸ್ಸು ಒಳಗೊಳಗೇ ಬಯಸುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ತಮ್ಮನ ರಾಗಿ ಹೋದರೂ ಸರಿ, ಫೋನ್ ಒಂದು ಸಲ ಸದ್ದು ಮಾಡಲಿ ಅನ್ನಿಸುತ್ತಿತ್ತು.

ಮೂರು ವಾರ ಕಳೆದ ಮೇಲೆ ತಡೆಯಲಾರದೆ ಹೇಳದೆ ಕೇಳದೆ ಊರಿಗೆ ಹೊರಟೆ. ಹೊಸೂರಿನಿಂದ ಡೆಂಕಣಿಕೋಟೆ ಬಸ್ಸು, ಅಲ್ಲಿಂದ ಶೇರ್ ಆಟೋ. ಆಟೋ ಕೆರೆ ಏರಿಯ ಮೇಲೆ ಬಂದಾಗ ಎರಡೂ ಕಡೆ ನೋಡಿದೆ. ವೆಂಕಟೇಶನ ರಾಗಿ ಹೊಲದ ನಡುವೆ ಬಂಡಿ ಎಳೆದ ಹಾಗೆ ಅಗಲವಾಗಿ ತುಳಿದ ಜಾಡು. ನಮ್ಮ ಹೊಲದ ಬೇಲಿ ಮಲಗಿತ್ತು. ರಸ್ತೆಯ ಮೇಲೇ ಆನೆ ಲದ್ದಿ, ಹಸಿಯದು.

ಮನೆ ಜಗಲಿಯ ಮೇಲೆ ಮುನಿರಾಜ ಕೂತಿದ್ದ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರು. ನನ್ನನ್ನು ಕಂಡು ಕೈಯನ್ನು ಟವೆಲ್ಲಿನ ಕೆಳಗೆ ಸೇರಿಸಲು ನೋಡಿದ. ಐವತ್ತರ ಗಂಡಸು.

"ಏನೋ ಇದು?" ಎಂದೆ.

"ಏನಿಲ್ಲಕ್ಕ. ಆನೆಗೆ ತೋಡಿರೋ ಟ್ರೆಂಚಿಗೆ ಬಿದ್ದೆ. ವಾಸಿಯಾಗ್ತಾ ಐತೆ."

"ಎಷ್ಟು ದಿನ ಆಯ್ತು?"

ಅವನು ರತ್ನಳ ಮುಖ ನೋಡಿದ. ಆ ಹೊತ್ತಿಗೆ ವೆಂಕಟೇಶ ಬಂದ. ನನ್ನನ್ನು ಕಂಡು ಚಪ್ಪಲಿ ಬಿಟ್ಟು ದೂರದಲ್ಲೇ ನಿಂತು, "ಈಗ ಬಂದ್ರಾ ಮಿಸ್ಸು? ಮೂರ್ ವಾರದಿಂದ ದಿನಾ ಗ್ರೂಪ್‌ನಾಗೆ ಬತ್ತಾನೇ ಐತಲ್ಲ, ನೋಡ್ನಿಲ್ವಾ?" ಎಂದ. ಹೇಳಿಬಿಟ್ಟ ಮೇಲೆ ಅವನಿಗೇ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡ. ಕೈಯಲ್ಲಿ ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳುವ ಮುಂಚೆ ಅದರ ಮೇಲಿದ್ದ ಹೆಸರು ನನಗೆ ಕಂಡಿತ್ತು: 'ಆನೆ ಬಂತ್ರಪ್ಪೋ'. ನಾನಿಟ್ಟ ಹೆಸರಲ್ಲ ಅದು.

"ಇನ್ನೊಂದ್ ಗ್ರೂಪ್ ಮಾಡ್ಕೊಂಡಿದ್ದೀರಾ?" ಎಂದೆ.

ರತ್ನ ಒಳಗೆ ಹೋಗಿ ನೀರು ತಂದು ನನ್ನ ಪಕ್ಕ ಇಟ್ಟಳು. ಅವಳು ಯಾವತ್ತೂ ನನ್ನೆದುರು ಹೆಚ್ಚು ಮಾತಾಡಿದವಳಲ್ಲ.

"ಬೇಜಾರ್ ಮಾಡ್ಕಬ್ಯಾಡಿ ಅಕ್ಕ," ಎಂದಳು. "ಇವ್ರು ಬಿದ್ದ ದಿನ ಸಂಜೆ ಮುನಿಯಮ್ಮಂಗೆ ಮೊದ್ಲೇ ಆನೆ ಕಂಡಿತ್ತಂತೆ. ಫೋನು ಬಾಯ್‌ತಾವ ಹಿಡ್ದು, ಏನಂತ ಹೇಳ್ಲಿ, ತಪ್ಪಾದ್ರೆ ಮಿಸ್ಸು ಎಲ್ರ ಮುಂದೆ ಹೇಳ್ತಾರೆ ಅಂತ ಅಂಗೇ ನಿಂತ್ಬುಟ್ಳಂತೆ. ಆಮೇಕೆ ಅವ್ವೆಲ್ಲಾ ನಮ್ ಹೊಲಕ್ಕೆ ಬಂದೊ. ಇವ್ರು ಒಬ್ರೇ ಇದ್ರು ಅಲ್ಲಿ. ಓಡಕ್ ಹೋಗಿ ಬಿದ್ರು. ಅದ್ಕೇ ಮಾರ್ನೆ ದಿನಾನೇ ಎಲ್ರೂ ಈ ಗ್ರೂಪ್ ಮಾಡ್ಕಂಡ್ರು."

"ಸುಮ್ಕಿರು ನೀನು," ಎಂದು ಮುನಿರಾಜ ಹೆಂಡತಿಯನ್ನು ಗದರಿದ. "ಅಕ್ಕ ಏನ್ ಮಾಡ್ತಾಳೆ ಅದ್ಕೆ? ಟ್ರೆಂಚು ನೋಡ್ದೆ ಓಡ್ದೋನು ನಾನು."

ಮುನಿಯಮ್ಮನ ವಯಸ್ಸು ಅರವತ್ತೈದು ಇರಬಹುದು. ನಾನು ಕೂಸಾಗಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಆಡಿಸಿದ ಹುಡುಗಿ ಅವಳು. ಎದುರಿಗೆ ಆನೆ ನಿಂತಿರುವಾಗ ಅವಳು ಹೆದರಿದ್ದು ಆನೆಗಲ್ಲ, ಜೂಜುವಾಡಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ನನಗೆ. ಅರವತ್ತೆರಡು ಜನಕ್ಕೆ ನನ್ನ ತಮ್ಮನ ಕೈ ಮುರಿದದ್ದು ಗೊತ್ತಿತ್ತು, ಒಡಹುಟ್ಟಿದವಳಿಗೆ ಗೊತ್ತಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಸುಳ್ಳು ಹೇಳುವುದಿಲ್ಲ. ಹೇಳಬಹುದಿತ್ತಲ್ಲ, ಮಿಸ್ಸು ನೀವು ಬಾಯಿ ಮುಚ್ಚಿಕೊಂಡಿರಿ ಎಂದು ಒಬ್ಬರಾದರೂ ಹೇಳಬಹುದಿತ್ತಲ್ಲ. ಆದರೆ ಅದನ್ನು ಹೇಳಲೂ ಅವರು ನನ್ನೆದುರು ಬಾಯಿ ಬಿಡಬೇಕಿತ್ತು.

ಊಟವಾದ ಮೇಲೆ ಮುನಿರಾಜ, "ಏ, ಅಕ್ಕನ್ನೂ ಆ ಗ್ರೂಪಿಗೆ ಸೇರ್ಸು" ಎಂದ. ರತ್ನ ಫೋನ್ ತೆಗೆದುಕೊಂಡಳು. ಬೆರಳು ಆಡಿಸದೆ ನನ್ನನ್ನೇ ನೋಡಿದಳು.

"ಬೇಡ," ಎಂದೆ.

ಇನ್ನು ಮೇಲೆ ತಿದ್ದುವುದಿಲ್ಲ ಎಂದು ಮಾತು ಕೊಟ್ಟು ಸೇರಬಹುದಿತ್ತು. ಎಷ್ಟು ಆಸೆಯಾಯಿತು ಎಂದರೆ ಕೈ ಚಾಚಿ ಅವಳ ಫೋನ್ ಕಿತ್ತುಕೊಂಡು ನಾನೇ ಸೇರಿಸಿಕೊಂಡು ಬಿಡುವಷ್ಟು. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದರೂ ನನ್ನ ಹೆಸರು ಅಲ್ಲಿರುತ್ತಿತ್ತು. ನನ್ನ ಹೆಸರು ಕಂಡು ಮುನಿಯಮ್ಮ ಮತ್ತೆ ಒಂದು ಗಳಿಗೆ ತಡೆದರೆ ಸಾಕು. ಒಂದು ಗಳಿಗೆಯಲ್ಲಿ ಆನೆ ಎಷ್ಟು ದೂರ ಬರುತ್ತದೆ ಎಂದು ಈಗ ನನಗೆ ಗೊತ್ತಿತ್ತು. ಸಂಜೆ ಕೆರೆ ಪಕ್ಕದ ಮನೆಗೆ ಹೋದೆ. ಮುನಿಯಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು, ಸಾಹೇಬರು ಬಂದ ಹಾಗೆ. ಅವಳಿಗೆ ಏನು ಹೇಳಬೇಕೆಂದುಕೊಂಡು ಹೋಗಿದ್ದೆನೋ ಅದು ಬಾಯಿಗೆ ಬರಲಿಲ್ಲ. ಅವಳು ಕೊಟ್ಟ ಹುರಿದ ಅವರೆಕಾಳು ತಿಂದು ಬಂದೆ.

ಮಾರನೆಯ ದಿನ ಆಟೋ ಹತ್ತಿಸಲು ರತ್ನ ಏರಿಯವರೆಗೆ ಬಂದಳು. "ದಿನಾ ದೀಪ ಹಚ್ಚೋ ಹೊತ್ಗೆ ಒಂದ್ ಮಿಸ್ಡ್ ಕಾಲ್ ಕೊಡ್ತೀನಿ ಅಕ್ಕ," ಎಂದಳು. "ಎತ್ಬ್ಯಾಡಿ. ಬಂತು ಅಂದ್ರೆ ಎಲ್ರೂ ಮನೆ ಸೇರವ್ರೆ ಅಂತ."

ಅಂದಿನಿಂದ ಅದೇ ನಡೆಯುತ್ತಿದೆ. ಆರೂವರೆಯ ಆಸುಪಾಸಿಗೆ ಫೋನ್ ಒಂದು ಸಲ ಹೊಡೆದುಕೊಂಡು ನಿಲ್ಲುತ್ತದೆ. ನಾನು ಗೋಡೆಗೊರಗಿ ಕೂತು ಅದರ ಸದ್ದು ಕೇಳುತ್ತೇನೆ, ಎತ್ತುವುದಿಲ್ಲ. ಊರು ಈಗ ನನಗೆ ಆ ಒಂದು ಹೊಡೆತದಷ್ಟು. ಯಾವ ಆನೆ ಬಂತು, ಎಲ್ಲಿ ನಿಂತಿತು, ವೆಂಕಟೇಶ ಹೊಸದಾಗಿ ಏನು ಮಾತು ಕಟ್ಟಿದ, ಯಾವುದೂ ತಿಳಿಯುವುದಿಲ್ಲ. ನನ್ನ ಹಳೆಯ ಗ್ರೂಪು ಹಾಗೇ ಇದೆ, ಅರವತ್ತಮೂರು ಜನರೂ ಇದ್ದಾರೆ, ಯಾರೂ ಬಿಟ್ಟು ಹೋಗಿಲ್ಲ. ಮರ್ಯಾದೆಗೆ ಇರಬೇಕು.

ಸಂಕ್ರಾಂತಿಗೆ ಮುಂಚೆ ಒಂದು ಸಂಜೆ ಫೋನ್ ಹೊಡೆದುಕೊಂಡಿತು. ನಿಲ್ಲಲಿಲ್ಲ. ಎರಡು, ಮೂರು, ನಾಲ್ಕು. ಎತ್ತಲೋ ಬೇಡವೋ ಎಂದು ನೋಡಿ ಎತ್ತಿದೆ.

"ಅಕ್ಕ," ರತ್ನ ಒಂದೇ ಉಸಿರಿಗೆ ಶುರು ಮಾಡಿದಳು. "ಮನೆ ಹಿಂದ್ಗಡೆನೇ ಅಕ್ಕ, ಐದವೆ. ಅವರೆ ಪೂರ್ತಿ ಡಿಲೀಟ್ ಮಾಡ್ಬುಟ್ಟೊ. ನಿಮ್ ತಮ್ಮ ಆ ಮುರ್ದ ಕೈಲೇ ಪಟಾಕಿ ಹಿಡ್ಕಂಡ್ ಹೋಗವ್ರೆ. ಫೋನ್ ಮಾಡುದ್ರೆ ಸೈಲೆಂಟ್ ಮೋಡು. ಗ್ರೂಪಿಗೆ ಹಾಕ್ದೆ, ಎಲ್ರೂ ಬತ್ತಾವ್ರೆ, ಆದ್ರೂ ಒಬ್ಳೇ ಇರಕ್ ಆಗ್ನಿಲ್ಲ, ಅದ್ಕೇ ನಿಮ್ಗೆ ಮಾಡ್ದೆ."

ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಬಾಯಿಗೆ ಬಂದದ್ದೆಲ್ಲ ಹೇಳುತ್ತ ಹೋದಳು. ಹಸು ಕಟ್ಟಿದ್ದು, ಬಾಗಿಲು ಹಾಕಿದ್ದು, ಅವತ್ತು ಅವನು ಬಿದ್ದಾಗ ಟ್ರೆಂಚಿನಿಂದ ಹೇಗೆ ಎತ್ತಿದರು ಎಂಬುದು, ಮೂರು ದಿನ ಅವನಿಗೆ ತಾನೇ ಕೈತುತ್ತು ಹಾಕಿದ್ದು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳದ ಮಾತುಗಳು. ಹೊರಗೆ ಪಟಾಕಿ ಸಿಡಿದದ್ದು ನನಗೂ ಕೇಳಿಸಿತು. ನಾನು ಕೆನ್ನೆಗೆ ಫೋನ್ ಒತ್ತಿಕೊಂಡು ಉಸಿರೂ ಆಡದೆ ನಿಂತಿದ್ದೆ.

"ಬಂದ್ರು ಅಕ್ಕ, ಬಂದ್ರು, ಟಾರ್ಚ್ ಕಾಣ್ತೈತೆ, ಇವ್ರೂ ಅವ್ರ ಜೊತೆಗವ್ರೆ," ಎಂದಳು. ಅಲ್ಲಿಗೆ ಅವಳು ಫೋನ್ ಇಡಬಹುದಿತ್ತು. ಇಡಲಿಲ್ಲ. ನನ್ನ ಕಡೆಯಿಂದ ಸದ್ದೇ ಇಲ್ಲದ್ದು ಕಂಡು ಅವಳಿಗೆ ಅನುಮಾನವಾಗಿರಬೇಕು.

"ಅಕ್ಕ, ಇದೀರಾ?"

"ಇದ್ದೀನಿ," ಎಂದೆ. "ಹೇಳು."